ಎಸ್ಸೆಸ್ಸೆಲ್ಸಿ ಜೀವಶಾಸ್ತ್ರ ಪುನರಾವರ್ತನೆ: ಬಟಾಣಿ ಕಾಳಿನಿಂದ ಹೃದಯದವರೆಗೆ ಮೂರು ವಾರ

ಪಾಠವನ್ನು ಮೂರು ಸಲ ಓದಿ, ಅಡಿಗೆರೆ ಎಳೆದು, ಪ್ರಶ್ನೋತ್ತರ ಬಾಯಿಪಾಠ ಮಾಡಿದ ಮಕ್ಕಳೂ ಜೀವಶಾಸ್ತ್ರದಲ್ಲಿ ‘ಕಾರಣ ಕೊಡಿ’ ಎಂಬ ಪ್ರಶ್ನೆ ಬಂದಾಗ ತಡವರಿಸುತ್ತಾರೆ. ಎಡ ಹೃತ್ಕುಕ್ಷಿಯ ಗೋಡೆ ಏಕೆ ದಪ್ಪ? ಅಯೋಡಿನ್ ಹಾಕುವ ಮೊದಲು ಎಲೆಯನ್ನು ಆಲ್ಕೋಹಾಲಿನಲ್ಲಿ ಏಕೆ ಕುದಿಸಬೇಕು? ಮೊದಲ ಪೀಳಿಗೆಯಲ್ಲಿ ಕಾಣೆಯಾದ ಗಿಡ್ಡ ಗುಣ ಎರಡನೆಯದರಲ್ಲಿ ಹೇಗೆ ಮರಳಿತು? ಇವಕ್ಕೆ ಉತ್ತರ ಪುಸ್ತಕದ ಒಂದೇ ಸಾಲಿನಲ್ಲಿ ಸಿಗುವುದಿಲ್ಲ, ಎರಡು ಮೂರು ಸಂಗತಿಗಳನ್ನು ಜೋಡಿಸಿಕೊಳ್ಳಬೇಕು. ಆದ್ದರಿಂದ ಇಲ್ಲಿ ಪಾಠಗಳ ಕ್ರಮವನ್ನು ಹಿಡಿದಿಲ್ಲ. ಅನುವಂಶೀಯತೆಯಿಂದ ಶುರುಮಾಡಿ, ಜೀನ್ ಮಾಡಿಸುವ ಕೆಲಸದ ಜಾಡು ಹಿಡಿದು ಸಸ್ಯಕ್ಕೆ, ಅಲ್ಲಿಂದ ಮನುಷ್ಯನ ದೇಹಕ್ಕೆ ಬರುತ್ತೇವೆ. ದಿನಕ್ಕೆ ಒಂದೂವರೆ ಗಂಟೆಯಂತೆ ಮೂರು ವಾರ ಸಾಕು: ತಯಾರಿಗೆ ಒಂದು ದಿನ, ಅನುವಂಶೀಯತೆಗೆ ನಾಲ್ಕು, ಸಸ್ಯಕ್ಕೆ ಐದು, ಮನುಷ್ಯನ ಅಂಗವ್ಯೂಹಗಳಿಗೆ ಆರು, ಸಂತಾನೋತ್ಪತ್ತಿಗೆ ಎರಡು, ಬರೆದು ಅಭ್ಯಾಸ ಮಾಡಲು ಮೂರು.

ಮೊದಲ ದಿನ: ಪುಸ್ತಕ ಮುಚ್ಚಿ ಬರೆಯಿರಿ

ಗೆರೆಯಿಲ್ಲದ ಐವತ್ತು ಹಾಳೆ, ಎಚ್‌ಬಿ ಪೆನ್ಸಿಲ್, ರಬ್ಬರ್, ಸ್ಕೇಲ್, ನೀಲಿ ಪೆನ್ನು ಮತ್ತು ಕೆಂಪು ಪೆನ್ನು ತೆಗೆದಿಟ್ಟುಕೊಳ್ಳಿ. ಒಂದು ಹಾಳೆಯ ತಲೆಯಲ್ಲಿ ‘ಹೃದಯ’ ಎಂದೋ ‘ದ್ಯುತಿಸಂಶ್ಲೇಷಣೆ’ ಎಂದೋ ಬರೆದು, ಪುಸ್ತಕ ಮುಚ್ಚಿ, ಹತ್ತು ನಿಮಿಷದಲ್ಲಿ ನೆನಪಿಗೆ ಬಂದಷ್ಟನ್ನೂ ನೀಲಿಯಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಅದೇ ಹಾಳೆಯಲ್ಲಿ ಕೆಂಪಿನಲ್ಲಿ ತುಂಬಿ. ನೀವು ಇನ್ನು ಓದಬೇಕಾದದ್ದು ಆ ಕೆಂಪು ಭಾಗವನ್ನು ಮಾತ್ರ. ಅದೇ ವಿಷಯವನ್ನು ಮೂರು ದಿನ ಬಿಟ್ಟು ಹೊಸ ಹಾಳೆಯಲ್ಲಿ ಬರೆಯಿರಿ, ಮತ್ತೆ ಒಂದು ವಾರ ಬಿಟ್ಟು ಇನ್ನೊಮ್ಮೆ. ಕೆಂಪು ಕಡಿಮೆಯಾಗುತ್ತಿದೆಯೇ ಎಂದು ಮೂರೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಓದಿದ್ದನ್ನೇ ಮತ್ತೆ ಓದಿದರೆ ಪರಿಚಯದ ಭಾವ ಬರುತ್ತದೆ, ‘ಇದು ಗೊತ್ತು’ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಗುರುತು ಹಿಡಿಯುವುದನ್ನಲ್ಲ, ಖಾಲಿ ಹಾಳೆಯ ಮೇಲೆ ನೆನಪಿನಿಂದ ಎತ್ತಿ ಬರೆಯುವುದನ್ನು. ಆ ಕೆಲಸವನ್ನೇ ಮನೆಯಲ್ಲೂ ಮಾಡಬೇಕು.

ಅನುವಂಶೀಯತೆ: ನಾಲ್ಕು ದಿನ

ಈ ಪಾಠಕ್ಕೆ ಹೆದರುವವರು ಹೆಚ್ಚು, ಆದರೆ ಪೂರ್ಣ ಅಂಕ ತೆಗೆಯಲು ಇಷ್ಟು ಸುಲಭವಾದ ಪಾಠ ಇನ್ನೊಂದಿಲ್ಲ. ಕ್ರಮ ತಪ್ಪದಿದ್ದರೆ ಉತ್ತರವೂ ತಪ್ಪುವುದಿಲ್ಲ.

ಒಂದೇ ಜೋಡಿ ಗುಣವನ್ನು ನೋಡುವ ಏಕತಳೀಕರಣದಿಂದ ಶುರುಮಾಡಿ. ಬಟಾಣಿ ಗಿಡದ ಎತ್ತರದ ಗುಣಕ್ಕೆ ಕ್ಯಾಪಿಟಲ್ ಟಿ, ಗಿಡ್ಡ ಗುಣಕ್ಕೆ ಸ್ಮಾಲ್ ಟಿ. ಪ್ರತಿ ಗಿಡಕ್ಕೂ ಎರಡು ಅಕ್ಷರ, ಪ್ರತಿ ಲಿಂಗಾಣುವಿಗೂ (ಸಂತಾನೋತ್ಪತ್ತಿಯ ಕೋಶಕ್ಕೂ) ಒಂದೇ ಅಕ್ಷರ. ಶುದ್ಧ ಎತ್ತರ ಮತ್ತು ಶುದ್ಧ ಗಿಡ್ಡ ಸಸ್ಯಗಳನ್ನು ಸಂಕರಿಸಿದರೆ ಮೊದಲ ಪೀಳಿಗೆಯ ಎಲ್ಲ ಗಿಡಗಳಲ್ಲೂ ಒಂದು ಕ್ಯಾಪಿಟಲ್, ಒಂದು ಸ್ಮಾಲ್, ಎಲ್ಲವೂ ಎತ್ತರ. ಅವುಗಳಲ್ಲೇ ಸ್ವಕೀಯ ಪರಾಗಸ್ಪರ್ಶವಾದರೆ ನಾಲ್ಕು ಮನೆಯ ಚೆಕ್ಕರ್ ಬೋರ್ಡ್ ಬರುತ್ತದೆ. ಕಣ್ಣಿಗೆ ಕಾಣುವ ರೂಪದಲ್ಲಿ, ಅಂದರೆ ಫಿನೋಟೈಪ್‌ನಲ್ಲಿ ಅನುಪಾತ 3:1, ಒಳಗಿನ ಅಕ್ಷರಗಳ ಜೋಡಿಯಲ್ಲಿ, ಅಂದರೆ ಜೀನೋಟೈಪ್‌ನಲ್ಲಿ 1:2:1. ಪ್ರಶ್ನೆ ಯಾವುದನ್ನು ಕೇಳಿದೆ ಎಂದು ನೋಡದೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಎರಡನ್ನೂ ಹೆಸರು ಹಾಕಿ ಬರೆಯುವುದನ್ನು ರೂಢಿಸಿಕೊಳ್ಳಿ.

ಅಕ್ಷರ ಆರಿಸುವಾಗಲೂ ಎಚ್ಚರ ಬೇಕು. ಇಂಗ್ಲಿಷಿನ ಸಿ, ಎಸ್, ಡಬ್ಲ್ಯು, ವೈ ಅಕ್ಷರಗಳ ಕ್ಯಾಪಿಟಲ್ ಮತ್ತು ಸ್ಮಾಲ್ ರೂಪ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. ಆರ್, ಟಿ, ಜಿ, ಎ ಆದರೆ ಗೊಂದಲವಿಲ್ಲ. ಪ್ರಶ್ನೆಯಲ್ಲೇ ವೈ ಕೊಟ್ಟಿದ್ದರೆ ಸ್ಮಾಲ್ ಅಕ್ಷರದ ಬಾಲವನ್ನು ಗೆರೆಯ ಕೆಳಗೆ ಸ್ಪಷ್ಟವಾಗಿ ಇಳಿಸಿ.

ಎರಡನೆಯ ದಿನ ಎರಡು ಜೋಡಿ ಗುಣಗಳನ್ನು ಒಟ್ಟಿಗೆ ನೋಡುವ ದ್ವಿತಳೀಕರಣ. ದುಂಡು-ಹಳದಿ ಬೀಜದ ಸಸ್ಯವನ್ನು ಸುಕ್ಕು-ಹಸಿರು ಬೀಜದ ಸಸ್ಯದ ಜೊತೆ ಸಂಕರಿಸಿದಾಗ ಮೊದಲ ಪೀಳಿಗೆಯ ಗಿಡದಲ್ಲಿ ನಾಲ್ಕು ಅಕ್ಷರ: ಆರ್ ಜೋಡಿ ಒಂದು, ವೈ ಜೋಡಿ ಒಂದು. ಇದರಿಂದ ಬರುವ ಲಿಂಗಾಣುಗಳು ನಾಲ್ಕು ಬಗೆ. ಎಡವುವುದು ಇಲ್ಲಿಯೇ. ಒಂದು ಲಿಂಗಾಣುವಿನೊಳಗೆ ಕ್ಯಾಪಿಟಲ್ ಆರ್ ಮತ್ತು ಸ್ಮಾಲ್ ಆರ್ ಎರಡನ್ನೂ ಹಾಕಿಬಿಡುತ್ತಾರೆ. ಪ್ರತಿ ಲಿಂಗಾಣುವಿಗೆ ಪ್ರತಿ ಜೋಡಿಯಿಂದ ಒಂದೇ ಅಕ್ಷರ ಹೋಗಬೇಕು: ಒಂದು ಆರ್, ಒಂದು ವೈ. ನಾಲ್ಕು ಬಗೆಯನ್ನು ಮೇಲ್ಸಾಲಿನಲ್ಲೂ ಎಡಸಾಲಿನಲ್ಲೂ ಒಂದೇ ಕ್ರಮದಲ್ಲಿ, ಎರಡೂ ಸ್ಮಾಲ್ ಇರುವುದು ಕೊನೆಗೆ ಬರುವಂತೆ ಬರೆದು ಹದಿನಾರು ಮನೆ ತುಂಬಿ. ನಾಲ್ಕೂ ಸ್ಮಾಲ್ ಅಕ್ಷರಗಳ ಸುಕ್ಕು-ಹಸಿರು ಮನೆ ಬಲಗಡೆಯ ಕೆಳಮೂಲೆಯಲ್ಲಿ ಒಂದೇ ಒಂದು ಬಂದರೆ ಬೋರ್ಡ್ ಸರಿಯಿದೆ. ಎರಡು ಬಂದಿದ್ದರೆ ಲಿಂಗಾಣುಗಳನ್ನು ಮತ್ತೆ ನೋಡಿ.

ಈ ಹದಿನಾರು ಮನೆಗಳ ಫಿನೋಟೈಪ್ ಅನುಪಾತವಾದ 9:3:3:1 ಅನ್ನು ಮಂತ್ರದಂತೆ ಹೇಳುವುದಕ್ಕಿಂತ, ಬಟಾಣಿಯ ಪ್ರಯೋಗಗಳಿಂದ ಈ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ ಎಣಿಸಿದ ಕಾಳುಗಳನ್ನೇ ನೋಡುವುದು ಒಳ್ಳೆಯದು. 1866ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಎರಡನೆಯ ಪೀಳಿಗೆಯ 556 ಬೀಜಗಳ ಲೆಕ್ಕ ಹೀಗಿದೆ: ದುಂಡು-ಹಳದಿ 315, ದುಂಡು-ಹಸಿರು 108, ಸುಕ್ಕು-ಹಳದಿ 101, ಸುಕ್ಕು-ಹಸಿರು 32. ಈಗ ಬಣ್ಣವನ್ನು ಮರೆತು ಆಕಾರವನ್ನಷ್ಟೇ ಕೂಡಿಸಿ: ದುಂಡು 423, ಸುಕ್ಕು 133, ಸುಮಾರು 3.2:1. ಆಕಾರವನ್ನು ಮರೆತು ಬಣ್ಣವನ್ನಷ್ಟೇ ಕೂಡಿಸಿ: ಹಳದಿ 416, ಹಸಿರು 140, ಸುಮಾರು 3:1. ಎರಡು ಗುಣಗಳೂ ಒಂದನ್ನೊಂದು ಕಟ್ಟಿಹಾಕದೆ, ತಮ್ಮ ತಮ್ಮ 3:1ನ್ನು ಕಾಪಾಡಿಕೊಂಡಿವೆ. ಸ್ವತಂತ್ರ ವಿಂಗಡಣೆಯ ನಿಯಮ ಹೇಳುವುದು ಇದನ್ನೇ. ಈ ಕೂಡಿಕೆಯನ್ನು ಸ್ವತಃ ಒಮ್ಮೆ ಮಾಡಿದವರಿಗೆ ನಿಯಮದ ವಾಕ್ಯ ಮರೆತರೂ ಅರ್ಥ ಮರೆಯುವುದಿಲ್ಲ.

ಮೂರನೆಯ ದಿನವನ್ನು ‘ಪ್ರಬಲ’ ಎಂಬ ಮಾತಿಗೆ ಮೀಸಲಿಡಿ. ಪ್ರಬಲ ಗುಣವೆಂದರೆ ಹೆಚ್ಚು ಜನರಲ್ಲಿರುವ ಗುಣ, ಬಲಶಾಲಿ ಗುಣ ಎಂದು ತಿಳಿಯುವುದು ತಪ್ಪು. ಒಂದೇ ಪ್ರತಿ ಇದ್ದರೂ ವ್ಯಕ್ತವಾಗುವುದು ಪ್ರಬಲ ಗುಣ, ಅಷ್ಟೇ. ಇದಕ್ಕೆ ಕಾರಣ ಬಟಾಣಿಯೊಳಗೇ ಇದೆ. ಸುಕ್ಕು ಬೀಜದ ಜೀನ್‌ನ ಗುಟ್ಟು 1990ರಲ್ಲಿ ಬಯಲಾಯಿತು. ಕವಲೊಡೆದ ಪಿಷ್ಟವನ್ನು ಕಟ್ಟುವ ಒಂದು ಕಿಣ್ವದ ಜೀನ್‌ನೊಳಗೆ ಹೊರಗಿನ ಡಿಎನ್ಎ ತುಣುಕೊಂದು ಸೇರಿಕೊಂಡು ಅದನ್ನು ಕೆಡಿಸಿದೆ. ಕಿಣ್ವ ಇಲ್ಲದಾಗ ಸಕ್ಕರೆ ಪೂರ್ತಿ ಪಿಷ್ಟವಾಗದೆ ಬೀಜದಲ್ಲೇ ಉಳಿಯುತ್ತದೆ, ಸಕ್ಕರೆ ಹೆಚ್ಚಿದ್ದರಿಂದ ಅಭಿಸರಣೆಯ (ಪೊರೆಯ ಮೂಲಕ ನೀರು ಸಕ್ಕರೆ ಹೆಚ್ಚಿರುವ ಕಡೆಗೆ ಸಾಗುವ ಕ್ರಿಯೆ) ಮೂಲಕ ನೀರು ಹೆಚ್ಚು ಒಳಬರುತ್ತದೆ, ಎಳೆಯ ಬೀಜ ಉಬ್ಬುತ್ತದೆ. ಬೀಜ ಒಣಗುವಾಗ ಅಷ್ಟೂ ನೀರು ಹೋಗಿ ಸಿಪ್ಪೆ ಮಡಿಕೆ ಬೀಳುತ್ತದೆ. ಜೋಡಿಯಲ್ಲಿ ಒಂದು ಜೀನ್ ಸರಿಯಿದ್ದರೂ ಸಾಕಷ್ಟು ಕಿಣ್ವ ತಯಾರಾಗಿ ಬೀಜ ದುಂಡಗಾಗುತ್ತದೆ. ದುಂಡು ಗುಣ ಪ್ರಬಲವಾದದ್ದು ಹೀಗೆ.

ಎತ್ತರ-ಗಿಡ್ಡದ ಜೀನ್ ಯಾವುದೆಂದು ತಿಳಿದದ್ದು 1997ರಲ್ಲಿ. ಅದು ಕ್ರಿಯಾಶೀಲ ಜಿಬ್ಬರೆಲಿನ್ ತಯಾರಿಸುವ ಕಿಣ್ವದ ಜೀನ್. ಜಿಬ್ಬರೆಲಿನ್ ಕಾಂಡವನ್ನು ಉದ್ದ ಬೆಳೆಸುವ ಸಸ್ಯ ಹಾರ್ಮೋನು. ಗಿಡ್ಡ ಬಟಾಣಿಗೆ ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟರೆ ಅದು ಉದ್ದ ಬೆಳೆಯುತ್ತದೆ, ಆದರೆ ಅದರ ಜೀನ್ ಬದಲಾಗಿರುವುದಿಲ್ಲವಾದ್ದರಿಂದ ಸಂತತಿ ಮತ್ತೆ ಗಿಡ್ಡವೇ. ‘ಜೀನ್‌ಗಳು ಗುಣಗಳನ್ನು ಹೇಗೆ ನಿಯಂತ್ರಿಸುತ್ತವೆ?’ ಎಂಬ ಪ್ರಶ್ನೆಗೆ ಇಲ್ಲಿ ಪೂರ್ತಿ ಉತ್ತರವಿದೆ: ಜೀನ್, ಅದು ತಯಾರಿಸುವ ಪ್ರೋಟೀನು, ಆ ಪ್ರೋಟೀನು ಕಿಣ್ವವಾಗಿ ಮಾಡುವ ಹಾರ್ಮೋನು, ಹಾರ್ಮೋನಿನಿಂದ ಗುಣ. ಅರ್ಜಿತ ಗುಣ, ಅಂದರೆ ಬದುಕಿನಲ್ಲಿ ಆಮೇಲೆ ಪಡೆದ ಗುಣ, ಮಕ್ಕಳಿಗೆ ಏಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೂ ಇದೇ ಗಿಡ ಉದಾಹರಣೆಯಾಗುತ್ತದೆ.

ನಾಲ್ಕನೆಯ ದಿನ ಎರಡು ಪ್ರಶ್ನೆಗಳನ್ನು ಬರೆದು ಅಭ್ಯಾಸ ಮಾಡಿ. ಒಂದು: ತಂದೆಯದು ಎ ರಕ್ತಗುಂಪು, ತಾಯಿಯದು ಓ, ಮಗಳದು ಓ. ಯಾವುದು ಪ್ರಬಲವೆಂದು ಹೇಳಲು ಈ ಮಾಹಿತಿ ಸಾಕೇ? ಸಾಲದು. ಎ ಪ್ರಬಲವಾಗಿದ್ದರೆ ತಂದೆಯಲ್ಲಿ ಎ ಮತ್ತು ಓ ಎರಡೂ ಇದ್ದು, ಮಗಳು ಇಬ್ಬರಿಂದಲೂ ಓ ಪಡೆದಿರಬಹುದು. ಓ ಪ್ರಬಲ ಎಂದು ಊಹಿಸಿಕೊಂಡರೂ ತಂದೆಯಿಂದ ಎ, ತಾಯಿಯಿಂದ ಓ ಬಂದು ಮಗಳು ಓ ಆಗಬಹುದು. ಎರಡು ಊಹೆಗೂ ಲೆಕ್ಕ ಹೊಂದುವುದರಿಂದ ತೀರ್ಮಾನ ಸಾಧ್ಯವಿಲ್ಲ. ಎ ಪ್ರಬಲ ಎಂಬುದು ಬೇರೆ ಕಡೆಯಿಂದ ನಮಗೆ ಗೊತ್ತಿರಬಹುದು, ಆದರೆ ಪ್ರಶ್ನೆ ಕೇಳಿದ್ದು ಈ ಮಾಹಿತಿಯಿಂದ ಹೇಳಬಹುದೇ ಎಂದು.

ಇನ್ನೊಂದು, ಲಿಂಗ ನಿರ್ಧಾರ. ಮನುಷ್ಯನಲ್ಲಿ 23 ಜೊತೆ ವರ್ಣತಂತುಗಳು. ತಾಯಿಯ ಎಲ್ಲ ಅಂಡಾಣುಗಳಲ್ಲೂ ಎಕ್ಸ್, ತಂದೆಯ ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಮಗು ಹೆಣ್ಣೋ ಗಂಡೋ ಎಂಬುದು ಯಾವ ವೀರ್ಯಾಣು ಅಂಡಾಣುವನ್ನು ಸೇರಿತು ಎಂಬುದರ ಮೇಲೆ ನಿಂತಿದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹೀಯಾಳಿಸುವ ಮನೆಗಳು ಇನ್ನೂ ಇವೆ; ಈ ಚಿಕ್ಕ ಚಿತ್ರವನ್ನು ಹತ್ತನೇ ತರಗತಿಯ ಮಕ್ಕಳು ಮನೆಯವರಿಗೂ ಬಿಡಿಸಿ ತೋರಿಸಬೇಕು. ಮೊದಲ ಮೂರೂ ಹೆಣ್ಣಾದರೆ ನಾಲ್ಕನೆಯದು ಗಂಡಾಗುವ ಸಂಭವ ಹೆಚ್ಚು ಎಂದು ಬರೆಯಬೇಡಿ. ಪ್ರತಿ ಸಲವೂ ಸಂಭವ ಅರ್ಧರ್ಧವೇ.

ಸಸ್ಯ: ಐದು ದಿನ

ದ್ಯುತಿಸಂಶ್ಲೇಷಣೆಯಲ್ಲಿ ಸಮೀಕರಣಕ್ಕಿಂತ ಪ್ರಯೋಗದ ಮೇಲೆ ಹೆಚ್ಚು ಸಮಯ ಕೊಡಿ. ಸಮೀಕರಣವನ್ನು ಒಂದು ಸಲ ಸರಿದೂಗಿಸಿ ಬರೆದರೆ ಮುಗಿಯಿತು. ಪ್ರಯೋಗದಲ್ಲಿ ಮಾತ್ರ ಪ್ರತಿ ಹಂತಕ್ಕೂ ‘ಏಕೆ’ ಕೇಳಬಹುದು, ಕೇಳುತ್ತಾರೆ ಕೂಡ.

ಹಸಿರು-ಬಿಳಿ ಬೆರೆತ ಎಲೆಯ ಮನಿಪ್ಲಾಂಟ್ ಕುಂಡವನ್ನು ಮೂರು ದಿನ ಕತ್ತಲ ಕೋಣೆಯಲ್ಲಿಡಿ: ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಬಳಕೆಯಾಗಿ ಖಾಲಿಯಾಗಬೇಕು. ಇದನ್ನು ಬಿಟ್ಟರೆ ಕೊನೆಗೆ ಸಿಕ್ಕ ಪಿಷ್ಟ ಇವತ್ತಿನದೋ ಹಳೆಯದೋ ಹೇಳಲಾಗದು. ನಂತರ ಸುಮಾರು ಆರು ಗಂಟೆ ಬಿಸಿಲಿನಲ್ಲಿಟ್ಟು ಒಂದು ಎಲೆ ಕಿತ್ತು, ಹಸಿರು ಎಲ್ಲೆಲ್ಲಿದೆ ಎಂದು ಹಾಳೆಯ ಮೇಲೆ ಗೆರೆ ಎಳೆದು ಗುರುತಿಸಿಕೊಳ್ಳಿ. ಎಲೆಯನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ. ಜೀವಕೋಶಗಳು ಸತ್ತು, ಪೊರೆಗಳು ಸಡಿಲಗೊಂಡು ಅಯೋಡಿನ್ ಒಳಹೋಗಲು ದಾರಿಯಾಗುತ್ತದೆ. ಆಮೇಲೆ ಆಲ್ಕೋಹಾಲ್ ಇರುವ ಬೀಕರ್‌ಗೆ ಹಾಕಿ, ಆ ಬೀಕರನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕುದಿ ಬರಿಸಿ. ಆಲ್ಕೋಹಾಲಿಗೆ ಥಟ್ಟನೆ ಬೆಂಕಿ ಹತ್ತಿಕೊಳ್ಳುವುದರಿಂದ ನೇರ ಉರಿಯ ಮೇಲೆ ಯಾವತ್ತೂ ಇಡಬಾರದು. ಈ ಹಂತವನ್ನು ಶಿಕ್ಷಕರ ಎದುರಿನಲ್ಲೇ ಮಾಡಬೇಕು. ಪತ್ರಹರಿತ್ತು ಕರಗಿ ದ್ರಾವಣ ಹಸಿರಾಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ಹಸಿರು ಹೋಗದಿದ್ದರೆ ಅಯೋಡಿನ್ ತರುವ ಬಣ್ಣ ಕಾಣುವುದಿಲ್ಲ. ಎಲೆ ಈಗ ಪೆಡಸಾಗಿರುತ್ತದೆ, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತೆಳು ಅಯೋಡಿನ್ ದ್ರಾವಣದ ಹನಿಗಳನ್ನು ಹಾಕಿ. ಮೊದಲು ಹಸಿರಿದ್ದ ಭಾಗ ಮಾತ್ರ ನೀಲಿಗಪ್ಪಾಗಬೇಕು. ಎಲೆಯೆಲ್ಲ ಕಂದು ಬಣ್ಣಕ್ಕೆ ತಿರುಗಿದರೆ ಅದು ಅಯೋಡಿನ್‌ನದೇ ಬಣ್ಣ, ದ್ರಾವಣ ಗಾಢವಾಯಿತೆಂದು ಅರ್ಥ.

ಇದರ ಬೆನ್ನಿಗೇ ಇನ್ನೊಂದು ತಪ್ಪನ್ನು ತಿದ್ದಿಕೊಳ್ಳಿ: ‘ಸಸ್ಯಗಳು ಹಗಲು ದ್ಯುತಿಸಂಶ್ಲೇಷಣೆ ನಡೆಸುತ್ತವೆ, ರಾತ್ರಿ ಉಸಿರಾಡುತ್ತವೆ.’ ಉಸಿರಾಟ ಹಗಲೂ ರಾತ್ರಿಯೂ ನಡೆಯುತ್ತಲೇ ಇರುತ್ತದೆ. ಹಗಲಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಲ್ಲೇ ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವುದರಿಂದ ನಮಗೆ ಆಮ್ಲಜನಕ ಬಿಡುಗಡೆಯಾಗುವುದಷ್ಟೇ ತಿಳಿಯುತ್ತದೆ.

ಸಾಗಾಣಿಕೆಗೆ ಒಂದು ದಿನ ಸಾಕು. ಕ್ಸೈಲಂ ನೀರು ಮತ್ತು ಖನಿಜಗಳನ್ನು ಬೇರಿನಿಂದ ಮೇಲಕ್ಕೆ ಒಯ್ಯುತ್ತದೆ. ಹಗಲಿನಲ್ಲಿ ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುವಾಗ ಉಂಟಾಗುವ ಸೆಳೆತವೇ ಇದರ ಮುಖ್ಯ ಶಕ್ತಿ, ರಾತ್ರಿ ಬೇರಿನ ಒತ್ತಡಕ್ಕೆ ಪ್ರಾಮುಖ್ಯ ಬರುತ್ತದೆ. ಫ್ಲೋಯಂ ಎಲೆಯಲ್ಲಿ ತಯಾರಾದ ಆಹಾರವನ್ನು ಬೇಕಾದ ಕಡೆಗೆ, ಮೇಲಕ್ಕೂ ಕೆಳಕ್ಕೂ ಒಯ್ಯುತ್ತದೆ, ಅದಕ್ಕೆ ಜೀವಕೋಶದ ಶಕ್ತಿಯ ಅಣುವಾದ ಎಟಿಪಿ ಖರ್ಚಾಗುತ್ತದೆ. ವ್ಯತ್ಯಾಸ ಬರೆಯುವಾಗ ಏನು, ಯಾವ ದಿಕ್ಕಿಗೆ, ಯಾವ ಶಕ್ತಿಯಿಂದ ಎಂಬ ಮೂರು ಸಾಲು ಬಂದರೆ ಮೂರು ಅಂಶ ಬಂದಂತೆ. ಪತ್ರರಂಧ್ರ ತೆರೆಯುವುದು ಕಾವಲು ಕೋಶಗಳು ನೀರು ಹೀರಿ ಉಬ್ಬಿದಾಗ, ಮುಚ್ಚುವುದು ನೀರು ಕಳೆದುಕೊಂಡು ಕುಗ್ಗಿದಾಗ. ಇದನ್ನು ತಿರುವುಮುರುವಾಗಿ ಬರೆಯುವವರೂ ಇದ್ದಾರೆ.

ಆಕ್ಸಿನ್ ವಿಷಯದಲ್ಲಿ ಒಂದೇ ಒಂದು ಬಾಣದ ಗುರುತು ಎಲ್ಲವನ್ನೂ ನಿರ್ಧರಿಸುತ್ತದೆ. ಬೆಳಕು ಒಂದು ಕಡೆಯಿಂದ ಬಿದ್ದಾಗ ಕಾಂಡದ ತುದಿಯ ಆಕ್ಸಿನ್ ನೆರಳಿನ ಕಡೆಗೆ ಸರಿಯುತ್ತದೆ. ನೆರಳಿನ ಕಡೆಯ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಕಾಂಡ ಬೆಳಕಿನ ಕಡೆಗೆ ಬಾಗುತ್ತದೆ. ಆಕ್ಸಿನ್ ಬೆಳಕಿನ ಕಡೆಗೆ ಹೋಗುತ್ತದೆಂದು ಬರೆದರೆ ಕಾಂಡ ಎದುರು ದಿಕ್ಕಿಗೆ ಬಾಗಬೇಕಾಗುತ್ತದೆ. ಚಿತ್ರ ಬರೆದು ನೋಡಿದರೆ ತಪ್ಪು ತಾನಾಗಿ ಗೊತ್ತಾಗುತ್ತದೆ. ಬಟಾಣಿ ಬಳ್ಳಿಯ ಕುಡಿ ಆಸರೆಗೆ ಸುತ್ತಿಕೊಳ್ಳುವುದೂ ಇಂಥದೇ ಬೆಳವಣಿಗೆಯ ಚಲನೆ. ಮುಟ್ಟಿದರೆ ಮುನಿ ಗಿಡದ ಎಲೆ ಮಡಚಿಕೊಳ್ಳುವುದು ಹಾಗಲ್ಲ, ಅಲ್ಲಿ ಬೆಳವಣಿಗೆ ಇಲ್ಲ, ಕೋಶಗಳೊಳಗಿನ ನೀರಿನ ಪ್ರಮಾಣ ಬದಲಾಗಿ ಆಕಾರ ಬದಲಾಗುತ್ತದೆ.

ಮನುಷ್ಯನ ದೇಹ: ಆರು ದಿನ

ಜೀರ್ಣಕ್ರಿಯೆಗೆ ಒಂದು ಪಟ್ಟಿ ಮಾಡಿ: ಅಂಗ, ರಸ, ಕಿಣ್ವ, ಯಾವ ಆಹಾರದ ಮೇಲೆ, ಏನಾಗುತ್ತದೆ. ಬಾಯಿಯಲ್ಲಿ ಅಮೈಲೇಸ್ ಪಿಷ್ಟವನ್ನು, ಜಠರದಲ್ಲಿ ಪೆಪ್ಸಿನ್ ಪ್ರೋಟೀನನ್ನು ಒಡೆಯುತ್ತದೆ. ಮೇದೋಜೀರಕ ರಸದಲ್ಲಿ ಪ್ರೋಟೀನಿಗೆ ಟ್ರಿಪ್ಸಿನ್, ಕೊಬ್ಬಿಗೆ ಲೈಪೇಸ್ ಇವೆ. ಪಿತ್ತರಸದ ಸಾಲಿನಲ್ಲಿ ಕಿಣ್ವದ ಜಾಗ ಖಾಲಿ ಬಿಡಿ. ಪಿತ್ತರಸದಲ್ಲಿ ಕಿಣ್ವವಿಲ್ಲ, ಅದು ಕೊಬ್ಬಿನ ದೊಡ್ಡ ಹನಿಗಳನ್ನು ಚಿಕ್ಕದಾಗಿ ಒಡೆದು ಲೈಪೇಸ್‌ಗೆ ಮೇಲ್ಮೈ ಹೆಚ್ಚಿಸಿಕೊಡುತ್ತದೆ, ಜಠರದಿಂದ ಬಂದ ಆಮ್ಲೀಯ ಆಹಾರವನ್ನು ಪ್ರತ್ಯಾಮ್ಲೀಯ ಮಾಡುತ್ತದೆ. ಲಾಲಾರಸದ ಪ್ರಯೋಗವೂ ನೆನಪಿರಲಿ: ಎರಡು ಪ್ರನಾಳಗಳಲ್ಲಿ ಶೇ. 1ರ ಪಿಷ್ಟ ದ್ರಾವಣ ಒಂದೊಂದು ಮಿ.ಲೀ., ಒಂದಕ್ಕೆ ಮಾತ್ರ 1 ಮಿ.ಲೀ. ಲಾಲಾರಸ, 20ರಿಂದ 30 ನಿಮಿಷ ಬಿಟ್ಟು ಎರಡಕ್ಕೂ ತೆಳು ಅಯೋಡಿನ್. ಲಾಲಾರಸ ಹಾಕಿದ್ದೂ ನೀಲಿಯಾದರೆ ಪಿಷ್ಟದ ದ್ರಾವಣ ಆರುವ ಮೊದಲೇ ಲಾಲಾರಸ ಬೆರೆಸಿರಬಹುದು, ಬಿಸಿಗೆ ಕಿಣ್ವ ಕೆಟ್ಟಿರುತ್ತದೆ.

ಉಸಿರಾಟದಲ್ಲಿ ಕಾರ್ಬನ್ ಎಣಿಸಿದರೆ ಗೊಂದಲವೇ ಇರುವುದಿಲ್ಲ. ಆರು ಕಾರ್ಬನ್‌ನ ಗ್ಲುಕೋಸ್ ಕೋಶದ್ರವ್ಯದಲ್ಲಿ ಒಡೆದು ಮೂರು ಕಾರ್ಬನ್‌ನ ಎರಡು ಪೈರುವೇಟ್ ಆಗುತ್ತದೆ. ಇಲ್ಲಿಂದ ಮೂರು ದಾರಿ. ಯೀಸ್ಟ್‌ನಲ್ಲಿ ಆಮ್ಲಜನಕವಿಲ್ಲದೆ ಎರಡು ಕಾರ್ಬನ್‌ನ ಎಥನಾಲ್. ಉಳಿದ ಒಂದು ಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರುತ್ತದೆ. ನಮ್ಮ ಸ್ನಾಯುವಿನಲ್ಲಿ ಆಮ್ಲಜನಕ ಸಾಲದಾದಾಗ ಲ್ಯಾಕ್ಟಿಕ್ ಆಮ್ಲ. ಅದರಲ್ಲೂ ಮೂರೇ ಕಾರ್ಬನ್, ಆದ್ದರಿಂದ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಬರೆಯುವ ಹಾಗಿಲ್ಲ. ಮೈಟೋಕಾಂಡ್ರಿಯಾದಲ್ಲಿ ಆಮ್ಲಜನಕದೊಂದಿಗೆ ಕಾರ್ಬನ್ ಡೈಆಕ್ಸೈಡ್, ನೀರು ಮತ್ತು ಎಲ್ಲಕ್ಕಿಂತ ಹೆಚ್ಚು ಶಕ್ತಿ.

ಹೃದಯಕ್ಕೆ ಎರಡು ದಿನ ಕೊಡಿ. ಚಿತ್ರ ಬರೆಯುವ ಮೊದಲು ಹಾಳೆಯ ಬಲಬದಿಯಲ್ಲಿ ‘ಎಡ’ ಎಂದೂ ಎಡಬದಿಯಲ್ಲಿ ‘ಬಲ’ ಎಂದೂ ಪೆನ್ಸಿಲ್‌ನಿಂದ ಸಣ್ಣದಾಗಿ ಬರೆದುಕೊಳ್ಳಿ, ಚಿತ್ರದಲ್ಲಿರುವುದು ನಮ್ಮೆದುರು ನಿಂತ ವ್ಯಕ್ತಿಯ ಹೃದಯ. ನಾಲ್ಕು ಕೋಣೆ (ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ) ಬರೆದು, ಎಡ ಹೃತ್ಕುಕ್ಷಿಯ ಗೋಡೆಯನ್ನು ಬಲದ್ದಕ್ಕಿಂತ ದಪ್ಪ ಮಾಡಿ. ಈಗ ಕಾಲಿನಿಂದ ಮರಳುತ್ತಿರುವ ಒಂದು ಕೆಂಪು ರಕ್ತಕಣದ ಮೇಲೆ ಪೆನ್ಸಿಲ್ ಇಟ್ಟು ಎತ್ತದೆ ಸಾಗಿ: ಮಹಾ ಅಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶದ ಲೋಮನಾಳ, ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮತ್ತೆ ಕಾಲು. ಒಂದು ಸುತ್ತಿನಲ್ಲಿ ಪೆನ್ಸಿಲ್ ಹೃದಯದೊಳಗೆ ಎರಡು ಸಲ ಹೊಕ್ಕಿತು. ಇಮ್ಮಡಿ ಪರಿಚಲನೆ ಎನ್ನುವುದು ಇದಕ್ಕೇ. ಬಲ ಹೃತ್ಕುಕ್ಷಿ ತಳ್ಳಬೇಕಾದದ್ದು ಪಕ್ಕದ ಶ್ವಾಸಕೋಶಕ್ಕೆ, ಎಡದ್ದು ತಲೆಯಿಂದ ಅಂಗಾಲಿನವರೆಗೆ. ಗೋಡೆ ದಪ್ಪವಾಗಿರುವುದಕ್ಕೆ ಕಾರಣ ಅದು.

ಈ ಜಾಡಿನಲ್ಲಿ ಎರಡು ಕಡೆ ಪೆನ್ಸಿಲ್ ನಿಲ್ಲಿಸಿ ಯೋಚಿಸಿ. ಪುಪ್ಪುಸಕ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ, ಪುಪ್ಪುಸಕ ಅಭಿಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ. ‘ಅಪಧಮನಿಯಲ್ಲಿ ಶುದ್ಧ ರಕ್ತ’ ಎಂದು ವ್ಯಾಖ್ಯಾನ ಬರೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ ಎಂದೇ ಬರೆಯಿರಿ. ಅಪಧಮನಿಯ ಗೋಡೆ ದಪ್ಪ, ಏಕೆಂದರೆ ರಕ್ತ ಒತ್ತಡದಿಂದ ಬರುತ್ತದೆ. ಅಭಿಧಮನಿಯಲ್ಲಿ ಒತ್ತಡ ಕಡಿಮೆಯಾದ್ದರಿಂದ ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳಿವೆ. ಸಾಮಾನ್ಯ ರಕ್ತದೊತ್ತಡ 120/80. ಮೇಲಿನದು ಹೃತ್ಕುಕ್ಷಿ ಸಂಕುಚಿಸಿದಾಗ, ಕೆಳಗಿನದು ಸಡಿಲಗೊಂಡಾಗ.

ಮೂತ್ರಪಿಂಡದಲ್ಲಿ ರಕ್ತ ಸೋಸುವ ಘಟಕವಾದ ನೆಫ್ರಾನ್‌ನ ಪಾಠಕ್ಕೆ ಎರಡು ಸಂಖ್ಯೆಗಳು ಸಾಕು: ದಿನಕ್ಕೆ ಸುಮಾರು 180 ಲೀಟರ್ ಸೋಸಿದ ದ್ರವ, ಹೊರಬರುವ ಮೂತ್ರ ಒಂದೆರಡು ಲೀಟರ್. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳಿಕೊಂಡರೆ ಮರುಹೀರಿಕೆ ಏಕೆ ಬೇಕೆಂಬುದು ಅರ್ಥವಾಗುತ್ತದೆ. ಗ್ಲುಕೋಸ್, ಅಮೈನೋ ಆಮ್ಲ, ಲವಣ ಮತ್ತು ಬಹುಪಾಲು ನೀರು ನಾಳದುದ್ದಕ್ಕೂ ಮತ್ತೆ ರಕ್ತಕ್ಕೆ ಸೇರುತ್ತವೆ. ಎಷ್ಟು ನೀರು ಮರಳಬೇಕೆಂಬುದು ದೇಹದಲ್ಲಿ ಹೆಚ್ಚುವರಿ ನೀರು ಎಷ್ಟಿದೆ, ಹೊರಹಾಕಬೇಕಾದ ಕಲ್ಮಶ ಎಷ್ಟಿದೆ ಎಂಬುದನ್ನು ಅವಲಂಬಿಸಿದೆ.

ನರವ್ಯೂಹದಲ್ಲಿ ಪರಾವರ್ತಿತ ಚಾಪದ (ಯೋಚಿಸದೆ ತಟ್ಟನೆ ಆಗುವ ಕ್ರಿಯೆಯಲ್ಲಿ ಸಂದೇಶ ಸಾಗುವ ದಾರಿಯ) ಚಿತ್ರಕ್ಕೆ ಬಾಣದ ಗುರುತುಗಳಿಲ್ಲದಿದ್ದರೆ ಚಿತ್ರ ಅಪೂರ್ಣ. ಬಿಸಿ ಪಾತ್ರೆ ಮುಟ್ಟಿದ ಬೆರಳಿನ ಗ್ರಾಹಕ, ಸಂವೇದನಾ ನರಕೋಶ, ಮೆದುಳುಬಳ್ಳಿ, ಕ್ರಿಯಾವಾಹಿ ನರಕೋಶ, ತೋಳಿನ ಸ್ನಾಯು. ಸುದ್ದಿ ಮೆದುಳಿಗೂ ಹೋಗುತ್ತದೆ, ಆದರೆ ಕೈ ಹಿಂದೆಗೆಯಲು ಅದರ ಅಪ್ಪಣೆಗೆ ಕಾಯುವುದಿಲ್ಲ. ಎರಡು ನರಕೋಶಗಳ ನಡುವಿನ ಸಿನಾಪ್ಸ್‌ನಲ್ಲಿ ರಾಸಾಯನಿಕ ಬಿಡುಗಡೆಯಾಗುವುದು ಆಕ್ಸಾನ್‌ನ ತುದಿಯಿಂದ ಮಾತ್ರ, ಹಾಗಾಗಿ ಸಂದೇಶ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಹಾರ್ಮೋನುಗಳಲ್ಲಿ ಇನ್ಸುಲಿನ್ ಒಂದನ್ನು ಪೂರ್ತಿ ಕಲಿಯಿರಿ: ರಕ್ತದಲ್ಲಿ ಸಕ್ಕರೆ ಏರಿದರೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಹೆಚ್ಚು ಸ್ರವಿಸುತ್ತದೆ, ಇಳಿದರೆ ಕಡಿಮೆ. ಹಿಮ್ಮಾಹಿತಿ ನಿಯಂತ್ರಣಕ್ಕೆ ಇದೇ ಉದಾಹರಣೆ. ಥೈರಾಕ್ಸಿನ್‌ಗೆ ಅಯೋಡಿನ್, ಅದರ ಕೊರತೆಯಿಂದ ಗಳಗಂಡ. ಉಳಿದವನ್ನು ಗ್ರಂಥಿ-ಹಾರ್ಮೋನು-ಕೆಲಸ ಎಂಬ ಪಟ್ಟಿಯಲ್ಲಿ ಮುಗಿಸಿ.

ಸಂತಾನೋತ್ಪತ್ತಿ: ಎರಡು ದಿನ

ಐದು ಎಸಳಿನ ಒಂಟಿಸುತ್ತಿನ ದಾಸವಾಳ ತನ್ನಿ. ಮುದ್ದೆಯಾಗಿ ಅರಳುವ ಸುತ್ತುದಾಸವಾಳದಲ್ಲಿ ಹಲವು ಕೇಸರಗಳು ಎಸಳುಗಳಾಗಿಬಿಟ್ಟಿರುವುದರಿಂದ ಭಾಗಗಳು ಸ್ಪಷ್ಟವಾಗಿ ಸಿಗುವುದಿಲ್ಲ. ಎಸಳುಗಳನ್ನು ಕಿತ್ತರೆ ನಡುವೆ ಒಂದು ಕೊಳವೆ, ಅದರ ಮೈಮೇಲೆ ಹಳದಿ ಪರಾಗ ತುಂಬಿದ ಕೇಸರಗಳು. ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಮೆಲ್ಲಗೆ ಸೀಳಿದರೆ ಒಳಗೆ ಸಪೂರ ಶಲಾಕೆ, ತುದಿಯಲ್ಲಿ ಐದು ಶಲಾಕಾಗ್ರಗಳು, ಬುಡದಲ್ಲಿ ಅಂಡಾಶಯ. ಅಂಡಾಶಯವನ್ನು ಅಡ್ಡಕ್ಕೆ ಕತ್ತರಿಸಿ ಲೆನ್ಸ್ ಹಿಡಿದರೆ ಐದು ಕೋಣೆಗಳಲ್ಲಿ ಬಿಳಿ ಅಂಡಕಗಳು ಕಾಣುತ್ತವೆ. ನಿಶೇಚನದ ನಂತರ ಈ ಅಂಡಕ ಬೀಜವಾಗುತ್ತದೆ, ಅಂಡಾಶಯ ಹಣ್ಣಾಗುತ್ತದೆ, ಯುಗ್ಮಜ (ಎರಡು ಲಿಂಗಾಣುಗಳು ಸೇರಿ ಆದ ಕೋಶ) ಭ್ರೂಣವಾಗುತ್ತದೆ. ಈ ಮೂರನ್ನು ಅದಲುಬದಲು ಮಾಡುವುದು ಬಹುಆಯ್ಕೆ ಪ್ರಶ್ನೆಗಳಲ್ಲಿ ಕಾಣುವ ಸಾಮಾನ್ಯ ತಪ್ಪು.

ಮನುಷ್ಯನ ಸಂತಾನೋತ್ಪತ್ತಿಯ ಭಾಗವನ್ನು ಸಂಕೋಚದಿಂದ ತರಗತಿಯಲ್ಲೂ ಮನೆಯಲ್ಲೂ ಹಾರಿಸುವುದುಂಟು. ಹಾರಿಸಬೇಡಿ, ಅಂಕದ ಮಾತು ಬಿಟ್ಟರೂ ಸ್ವಂತ ದೇಹದ ಬಗ್ಗೆ ಸರಿಯಾದ ಮಾತು ಸಿಗುವ ಜಾಗ ಇದು. ವೃಷಣಗಳು ಉದರದ ಹೊರಗಿರುವುದು ವೀರ್ಯಾಣು ತಯಾರಾಗಲು ದೇಹದ ಉಷ್ಣತೆಗಿಂತ ಕಡಿಮೆ ಉಷ್ಣತೆ ಬೇಕಾದ್ದರಿಂದ. ನಿಶೇಚನ ನಡೆಯುವುದು ಅಂಡನಾಳದಲ್ಲಿ, ಭ್ರೂಣ ನೆಲೆಗೊಳ್ಳುವುದು ಗರ್ಭಾಶಯದ ಗೋಡೆಯಲ್ಲಿ. ನಿಶೇಚನ ಆಗದಿದ್ದರೆ ದಪ್ಪಗಾಗಿದ್ದ ಒಳಪದರ ಕಳಚಿ ರಕ್ತದೊಂದಿಗೆ ಹೊರಹೋಗುವುದೇ ಋತುಸ್ರಾವ. ಗರ್ಭನಿರೋಧಕಗಳಲ್ಲಿ ಲೈಂಗಿಕವಾಗಿ ಹರಡುವ ಸೋಂಕನ್ನೂ ತಡೆಯುವುದು ಕಾಂಡೋಮ್‌ನಂಥ ತಡೆ ವಿಧಾನ ಮಾತ್ರ. ಮಾತ್ರೆ, ಕಾಪರ್-ಟಿ, ಶಸ್ತ್ರಚಿಕಿತ್ಸೆ ಗರ್ಭವನ್ನು ತಡೆಯುತ್ತವೆ, ಸೋಂಕನ್ನಲ್ಲ.

ಕೊನೆಯ ಮೂರು ದಿನ: ಗಡಿಯಾರ ಇಟ್ಟು ಬರೆಯಿರಿ

ವಿಜ್ಞಾನದ ಲಿಖಿತ ಪರೀಕ್ಷೆ 80 ಅಂಕಗಳದು, ಭೌತ-ರಸಾಯನ-ಜೀವಶಾಸ್ತ್ರ ಮೂರೂ ಒಂದೇ ಪತ್ರಿಕೆಯಲ್ಲಿರುತ್ತವೆ. ಓದಿಕೊಳ್ಳಲು ಸಿಗುವ 15 ನಿಮಿಷದಲ್ಲಿ ಜೀವಶಾಸ್ತ್ರದ ಚಿತ್ರದ ಪ್ರಶ್ನೆಗಳನ್ನು ಮೊದಲು ಗುರುತಿಸಿ. ಹೃದಯ, ನೆಫ್ರಾನ್, ಮೆದುಳಿನ ನೀಳಛೇದ, ಹೂವಿನ ನೀಳಛೇದ, ಪರಾವರ್ತಿತ ಚಾಪ, ಪತ್ರರಂಧ್ರ: ಈ ಆರನ್ನು ತಲಾ ಆರು ನಿಮಿಷದೊಳಗೆ ಮುಗಿಸುವಷ್ಟು ಸಲ ಬರೆಯಿರಿ. ಕನಿಷ್ಠ ಅರ್ಧ ಪುಟದ ಗಾತ್ರ, ಪೆನ್ಸಿಲ್‌ನ ಒಂದೇ ಗೆರೆ, ಬಣ್ಣ ಬೇಡ. ಹೆಸರುಗಳನ್ನೆಲ್ಲ ಸಾಧ್ಯವಾದಷ್ಟು ಬಲಬದಿಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಗುರುತಿನ ಗೆರೆಯನ್ನು ಸ್ಕೇಲಿನಿಂದ ಎಳೆಯಿರಿ, ಒಂದು ಇನ್ನೊಂದನ್ನು ದಾಟದಿರಲಿ. ಗೆರೆಯ ತುದಿ ಆ ಭಾಗವನ್ನು ಮುಟ್ಟಲೇಬೇಕು. ಹೃತ್ಕರ್ಣ ಎಂದು ಬರೆದು ಗೆರೆಯನ್ನು ರಕ್ತನಾಳದಲ್ಲಿ ನಿಲ್ಲಿಸಿದರೆ ಅಂಕ ಸಿಗುವುದಿಲ್ಲ.

‘ಕಾರಣ ಕೊಡಿ’ಗೆ ಉತ್ತರವನ್ನು ಎರಡು ವಾಕ್ಯದಲ್ಲಿ ಕಟ್ಟಿ: ಮೊದಲನೆಯದರಲ್ಲಿ ರಚನೆ ಅಥವಾ ಸಂಗತಿ, ಎರಡನೆಯದರಲ್ಲಿ ಅದರಿಂದಾಗುವ ಪರಿಣಾಮ. ‘ವಿಲ್ಲೈಗಳು ಸಣ್ಣಕರುಳಿನ ಒಳಮೇಲ್ಮೈಯನ್ನು ಹೆಚ್ಚಿಸುತ್ತವೆ, ಅವುಗಳಲ್ಲಿ ರಕ್ತನಾಳಗಳು ಹೇರಳ. ಆದ್ದರಿಂದ ಜೀರ್ಣವಾದ ಆಹಾರ ಬೇಗ ಹೀರಲ್ಪಟ್ಟು ದೇಹದ ಜೀವಕೋಶಗಳಿಗೆ ತಲುಪುತ್ತದೆ.’ ವ್ಯತ್ಯಾಸದ ಪ್ರಶ್ನೆಗೆ ಎರಡು ಕಂಬಸಾಲು ಎಳೆದು, ಒಂದು ಸಾಲಿನ ಎರಡೂ ಬದಿಯಲ್ಲಿ ಒಂದೇ ಅಂಶವನ್ನು ಹೋಲಿಸಿ. ಎಡಗಡೆ ಗೋಡೆಯ ದಪ್ಪ ಬರೆದು ಅದರ ಎದುರಿಗೆ ಕವಾಟದ ಬಗ್ಗೆ ಬರೆದರೆ ಅದು ವ್ಯತ್ಯಾಸವಾಗುವುದಿಲ್ಲ. ಚೆಕ್ಕರ್ ಬೋರ್ಡ್ ಉತ್ತರಕ್ಕೆ ಪೋಷಕರ ಜೀನೋಟೈಪ್, ಲಿಂಗಾಣುಗಳು, ಬೋರ್ಡ್, ಅನುಪಾತ ಎಂಬ ನಾಲ್ಕು ಹಂತಗಳನ್ನೂ ಬರೆದು ತೋರಿಸಿ. ಅನುಪಾತದಲ್ಲಿ ಎಡವಿದರೂ ಮೊದಲ ಹಂತಗಳು ಸರಿಯಿದ್ದರೆ ಅವುಗಳ ಅಂಕ ಉಳಿಯುತ್ತದೆ.